ಇಲ್ಲದ ಮೂರ್ತಿ ನೋಡಲು ರೋಡ್ಸ್‌ಗೆ ಹೋಗುವವರಿಗೆ

ಮೊದಲೇ ಹೇಳಿಬಿಡುತ್ತೇನೆ. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾದ ಕೊಲೊಸಸ್, ಅಂದರೆ ಗ್ರೀಸ್‌ನ ರೋಡ್ಸ್ ದ್ವೀಪದ ಆ ದೊಡ್ಡ ಕಂಚಿನ ಮೂರ್ತಿ, ಈಗಿಲ್ಲ. ಬೆರಳಿನ ಚೂರೂ ಇಲ್ಲ. ಕ್ರಿ.ಪೂ. 226ರ ಸುಮಾರಿನ ಭೂಕಂಪದಲ್ಲಿ ಬಿದ್ದದ್ದು, ಮತ್ತೆ ಏಳಲಿಲ್ಲ. ಇದು ಗೊತ್ತಿಲ್ಲದೆ ಬಂದರಿನಲ್ಲಿ ಮೊಬೈಲ್ ಹಿಡಿದು ಅತ್ತಿತ್ತ ಹುಡುಕುವವರನ್ನು ಕಣ್ಣಾರೆ ನೋಡಿದೆ.

ನಾನು ಹೋದದ್ದು ಅಪ್ಪನ ಜೊತೆ, ಅಕ್ಟೋಬರ್‌ನಲ್ಲಿ. ಅಪ್ಪ ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಮೂವತ್ತು ವರ್ಷ ಎರಕ ಹೊಯ್ದವರು. ಈಗ 71 ವರ್ಷ, ಮೊಣಕಾಲು ನೋವು. "ಏಳು ಅದ್ಭುತದಾಗ ನಮ್ಮ ಕಸುಬಿಂದು ಇದೊಂದ ಐತಿ, ಜಾಗಾನರ ನೋಡಿ ಬರೋಣ ನಡಿಯವಾ" ಎಂದರು. ಹಾಗಾಗಿ ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಈ ಬರಹ ಜಾಸ್ತಿ ಉಪಯೋಗ.

ಬೆಂಗಳೂರಿನಿಂದ ದೋಹಾ ಮೇಲೆ ಅಥೆನ್ಸ್‌ಗೆ ಹೋದೆವು. ಅಲ್ಲಿಂದ ರೋಡ್ಸ್‌ಗೆ ವಿಮಾನದಲ್ಲಿ ಒಂದು ಗಂಟೆ. ಪಿರೇಯಸ್ ಬಂದರಿನಿಂದ ಹಡಗಿನಲ್ಲಾದರೆ ಇಡೀ ರಾತ್ರಿ ಹಿಡಿಯುತ್ತದೆ. ಹೋಗುವಾಗ ಹಡಗು, ಬರುವಾಗ ವಿಮಾನ ಮಾಡಿ. ಕೋಟೆ ಗೋಡೆ ಸಮುದ್ರದ ಕಡೆಯಿಂದ ಕಾಣುವ ಚಂದವೇ ಬೇರೆ. ಹಡಗಿನಲ್ಲಿ ಕ್ಯಾಬಿನ್ ತೆಗೆದುಕೊಳ್ಳಿ, ನಾವು ದುಡ್ಡು ಉಳಿಸಲು ಹೋಗಿ ಕುರ್ಚಿಯಲ್ಲಿ ಕೂತು ಸೊಂಟ ಹಿಡಿಸಿಕೊಂಡೆವು. ವೀಸಾ ಷೆಂಗೆನ್. ಎದುರಿಗೇ ಟರ್ಕಿಯ ಮಾರ್ಮರಿಸ್ ಇದೆ, ಒಂದು ದಿನ ಹೋಗಿ ಬರೋಣ ಅನಿಸುತ್ತದೆ. ಹಾಗಿದ್ದರೆ ಷೆಂಗೆನ್ ವೀಸಾ ಮಲ್ಟಿಪಲ್ ಎಂಟ್ರಿ ಇರಲೇಬೇಕು, ಟರ್ಕಿಯದ್ದು ಬೇರೆ ವೀಸಾ.

ಉಳಿಯಲು ಹಳೇ ಊರು ಚೆಂದ, ಆದರೆ ರಸ್ತೆಯೆಲ್ಲ ಗುಂಡುಕಲ್ಲು ನೆಟ್ಟದ್ದು. ಹೆಚ್ಚಿನ ಗಲ್ಲಿಗಳಿಗೆ ಟ್ಯಾಕ್ಸಿ ಬರುವುದಿಲ್ಲ. ನನ್ನ ಟ್ರಾಲಿ ಬ್ಯಾಗಿನ ಒಂದು ಚಕ್ರ ಮೊದಲ ದಿನವೇ ಕಿತ್ತುಹೋಯಿತು. ಬೆನ್ನಿಗೆ ಹಾಕುವ ಬ್ಯಾಗ್ ಒಯ್ಯಿರಿ. ಚಪ್ಪಲಿ ಬೇಡ, ದಪ್ಪ ಅಡಿಯ ಶೂ ಬೇಕು.

ಎಲ್ಲರೂ ಇಳಿದ ಕೂಡಲೇ ಮಂದ್ರಾಕಿ ಬಂದರಿಗೆ ಓಡುತ್ತಾರೆ. ನೀವು ಮೊದಲು ಮ್ಯೂಸಿಯಂಗೆ ಹೋಗಿ. ಮಧ್ಯಯುಗದಲ್ಲಿ ದ್ವೀಪ ಆಳಿದ ನೈಟ್‌ಗಳ, ಅಂದರೆ ಕ್ರೈಸ್ತ ಯೋಧರ ಕಾಲದ ಹಳೇ ಆಸ್ಪತ್ರೆಯಲ್ಲೇ ಪುರಾತತ್ವ ಮ್ಯೂಸಿಯಂ ಇದೆ. ಅಲ್ಲಿ ಸೂರ್ಯದೇವ ಹೀಲಿಯೋಸ್‌ನ ಒಂದು ಕಲ್ಲಿನ ತಲೆ ಇದೆ, ಕೂದಲಿನ ಸುತ್ತ ಸಾಲಾಗಿ ತೂತುಗಳು. ಲೋಹದ ಕಿರಣ ಸಿಕ್ಕಿಸಲು ಕೊರೆದದ್ದು. ಕಳೆದುಹೋದ ಆ ಮೂರ್ತಿಯೂ ಇದೇ ಹೀಲಿಯೋಸ್‌ನದು. ಅಪ್ಪ ಆ ತೂತುಗಳನ್ನು ಒಂದೊಂದಾಗಿ ಎಣಿಸುತ್ತಾ ನಿಂತುಬಿಟ್ಟರು. ಇದನ್ನು ನೋಡಿಕೊಂಡು ಬಂದರಿಗೆ ಹೋದರೆ ಖಾಲಿ ಜಾಗದಲ್ಲೂ ಏನೋ ಒಂದು ಕಾಣುತ್ತದೆ. ನೇರವಾಗಿ ಹೋದರೆ ಬರೀ ದೋಣಿ.

ಮಂದ್ರಾಕಿಯ ಬಾಯಲ್ಲಿ ಎರಡು ಕಂಬ, ಒಂದರ ಮೇಲೆ ಗಂಡು ಜಿಂಕೆ, ಇನ್ನೊಂದರ ಮೇಲೆ ಹೆಣ್ಣು ಜಿಂಕೆ. ಕಟ್ಟೆಯ ಮೇಲೆ ಮೂರು ಗಾಳಿಗಿರಣಿ, ತುದಿಯಲ್ಲಿ ಸಂತ ನಿಕೋಲಸ್ ಕೋಟೆ. ಅಂಗಡಿಗಳಲ್ಲಿ ಮಾರುವ ಫ್ರಿಜ್ ಮ್ಯಾಗ್ನೆಟ್‌ಗಳಲ್ಲಿ ಮೂರ್ತಿ ಒಂದೊಂದು ಕಾಲು ಒಂದೊಂದು ದಡದ ಮೇಲಿಟ್ಟು ನಿಂತಿರುತ್ತದೆ, ಕೆಳಗೆ ಹಡಗು. ಸುಮ್ನೆ ಕಥೆ, ಎಷ್ಟೋ ಶತಮಾನ ಆದಮೇಲೆ ಹುಟ್ಟಿಕೊಂಡದ್ದು. ಮೂರ್ತಿಯ ಎತ್ತರ 33 ಮೀಟರ್ ಆಸುಪಾಸು, ಅಷ್ಟರಲ್ಲಿ ಬಂದರಿನ ಬಾಯಿ ದಾಟುವಷ್ಟು ಕಾಲು ಅಗಲಿಸುವುದು ಆಗದ ಮಾತು. ಮೇಲಾಗಿ ಕಟ್ಟಲು ಹಿಡಿದದ್ದು 12 ವರ್ಷ. ಅಷ್ಟು ದಿನ ಬಂದರು ಮುಚ್ಚಿದರೆ ವ್ಯಾಪಾರದ ಊರು ಉಣ್ಣುವುದೇನು? ನಿಂತಿದ್ದ ಜಾಗ ಈ ಕೋಟೆಯದ್ದೇ ಅನ್ನುವವರೂ ಇದ್ದಾರೆ, ಮೇಲೆ ಗುಡ್ಡದಲ್ಲಿ ಅನ್ನುವವರೂ ಇದ್ದಾರೆ.

ಕೋಟೆಯ ನೆರಳಲ್ಲಿ ಕೂತು ಅಪ್ಪನಿಗೆ ಕಥೆ ಓದಿ ಹೇಳಿದೆ. ಕ್ರಿ.ಪೂ. 305ರಲ್ಲಿ ಡೆಮೆಟ್ರಿಯಸ್ ಎಂಬ ರಾಜ ದೊಡ್ಡ ದೊಡ್ಡ ಯಂತ್ರ ತಂದು ಊರಿಗೆ ಮುತ್ತಿಗೆ ಹಾಕಿದ. ಒಂದು ವರ್ಷ ಒದ್ದಾಡಿ, ಯಂತ್ರಗಳನ್ನು ಬಿಟ್ಟು ಹೋದ. ಊರಿನವರು ಅವನ್ನು ಮಾರಿದ ದುಡ್ಡಿನಲ್ಲೇ ಮೂರ್ತಿ ಮಾಡಿಸಿದರಂತೆ. ಮಾಡಿದವನು ಇದೇ ದ್ವೀಪದ ಲಿಂಡೋಸ್ ಊರಿನ ಕೇರಿಸ್. ನಿಂತದ್ದು ಐವತ್ತು ಚಿಲ್ಲರೆ ವರ್ಷ ಮಾತ್ರ. ಬಿದ್ದಮೇಲೆ ನೂರಾರು ವರ್ಷ ಹಾಗೇ ಬಿದ್ದಿತ್ತು, ಜನ ಅದನ್ನೇ ನೋಡಲು ಬರುತ್ತಿದ್ದರು. ಹೆಬ್ಬೆರಳನ್ನು ತಬ್ಬಲು ಕೈ ಸಾಲುವವರು ಕಡಿಮೆ ಎಂದು ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಕ್ರಿ.ಶ. ಏಳನೇ ಶತಮಾನದಲ್ಲಿ ಅರಬ್ಬರು ಚೂರುಗಳನ್ನು ಒಬ್ಬ ವ್ಯಾಪಾರಿಗೆ ಮಾರಿದರು, ಅವನು 900 ಒಂಟೆ ಮೇಲೆ ಹೊತ್ತು ಹೋದ ಎಂದು ಕಥೆ.

"ಕಂಚು ಎಷ್ಟು ಹಿಡಿದಿತ್ತು?" ಅಪ್ಪ ಕೇಳಿದರು. ಬೈಝಾಂಟಿಯಂನ ಫಿಲೋ ಹೆಸರಿನ ಹಳೇ ಬರಹದಲ್ಲಿ 500 ಟ್ಯಾಲೆಂಟ್ ಎಂದಿದೆ. ಗ್ರೀಕರ ಒಂದು ಟ್ಯಾಲೆಂಟ್ ಅಂದರೆ ಹೆಚ್ಚುಕಮ್ಮಿ 26 ಕೆಜಿ. ಅಪ್ಪ ಹಡಗಿನ ಟಿಕೆಟ್ ಹಿಂದೆ ಲೆಕ್ಕ ಹಾಕಿದರು. 13 ಟನ್. 900 ಒಂಟೆಗೆ ಹಂಚಿದರೆ ಒಂದೊಂದಕ್ಕೆ 14 ಕೆಜಿ. "ಇಷ್ಟಕ್ಕ ಒಂಟಿ ಯಾಕ ಬೇಕವಾ? ನಮ್ಮ ಹುಡುಗ್ರು ಹೆಗಲ ಮ್ಯಾಲ ಒಯ್ತಿದ್ರು!" ಒಂದೋ ಒಂಟೆ ಸುಳ್ಳು, ಇಲ್ಲವೇ ಟ್ಯಾಲೆಂಟ್ ಸುಳ್ಳು. ಇನ್ನೊಂದೂ ಹೇಳಿದರು. ಕೆಳಗಿನಿಂದ ಒಂದೊಂದೇ ಭಾಗ ಅಲ್ಲೇ ಎರಕ ಹೊಯ್ದು, ಸುತ್ತ ಮಣ್ಣು ಏರಿಸುತ್ತಾ ಹೋದರು ಎಂದು ಅದೇ ಬರಹ ಹೇಳುತ್ತದೆ. 13 ಟನ್ನಿನಲ್ಲಿ ಅಷ್ಟೆತ್ತರದ ಮೈ ಮುಚ್ಚಬೇಕಾದರೆ ಕಂಚು ಬರೀ ಎರಡು ಮಿಲಿಮೀಟರ್ ದಪ್ಪ ಬಂದೀತು. ಅಷ್ಟು ತೆಳ್ಳಗೆ ಎರಕ ಹರಿಯುವುದಿಲ್ಲ, ಹಾಳೆ ಬಡಿದು ಕಬ್ಬಿಣದ ಚೌಕಟ್ಟಿಗೆ ಹೊದಿಸಿರಬೇಕು ಎಂದು ಅಪ್ಪನ ವಾದ. ಪಂಡಿತರಲ್ಲೂ ಹೀಗೆ ಹೇಳುವವರು ಇದ್ದಾರೆ ಎಂದು ಆಮೇಲೆ ಓದಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ, ಹೇಳಿದರೆ ಹಿಡಿಯೋರಿಲ್ಲ.

ಲಿಂಡೋಸ್ ಸುಮಾರು 50 ಕಿಮೀ ದೂರ. ಒಂದು ಎಚ್ಚರ: ರೋಡ್ಸ್‌ನಲ್ಲಿ ಪೂರ್ವ ಕರಾವಳಿಯ ಬಸ್ಸಿಗೊಂದು ಸ್ಟಾಪ್, ಪಶ್ಚಿಮದ ಬಸ್ಸಿಗೆ ಇನ್ನೊಂದು, ಎರಡೂ ಹೊಸ ಮಾರುಕಟ್ಟೆಯ ಹತ್ತಿರವೇ. ಲಿಂಡೋಸ್ ಪೂರ್ವಕ್ಕೆ, ವಿಮಾನ ನಿಲ್ದಾಣ ಪಶ್ಚಿಮಕ್ಕೆ. ನಾನು ತಪ್ಪು ಕಡೆ ಮುಕ್ಕಾಲು ಗಂಟೆ ನಿಂತೆ. ಬೆಳಗಿನ ಮೊದಲ ಬಸ್ಸುಗಳಲ್ಲೇ ಹೋಗಿ, ಆಮೇಲೆ ಬಿಸಿಲು, ಜನ ಎರಡೂ ಜಾಸ್ತಿ. ಮೇಲಿನ ಕೋಟೆಗೆ ಸುಮಾರು 300 ಮೆಟ್ಟಿಲು. ಕತ್ತೆ ಸವಾರಿ ಇದೆ, ಆದರೆ ಬಾಗಿಲವರೆಗೆ ಮಾತ್ರ, ಒಳಗಿನ ಮೆಟ್ಟಿಲು ನೀವೇ ಹತ್ತಬೇಕು. ನಾವು ಕತ್ತೆಗಳ ಮುಖ ನೋಡಿ ಬೇಡ ಎಂದೆವು. ಹತ್ತಲು ಆಗದಿದ್ದರೆ ಬೇಜಾರು ಬೇಡ. ಬಂಡೆಯಲ್ಲೇ ಕೆತ್ತಿದ ಹಡಗಿನ ಹಿಂಭಾಗ ಮೇಲಿನ ಕಡಿದಾದ ಮೆಟ್ಟಿಲಿನ ಬುಡದಲ್ಲೇ ಇದೆ. ಅಪ್ಪ ಅಲ್ಲಿಗೇ ನಿಲ್ಲಿಸಿದರು.

ಸಂಜೆಗೆ ಊರ ಹಿಂದಿನ ಮಾಂಟೆ ಸ್ಮಿತ್ ಗುಡ್ಡ. ಅಪೊಲೊ ಗುಡಿಯ ಕೆಲವು ಕಂಬ, ಹಳೇ ಓಟದ ಮೈದಾನ, ನೋಡಲು ದುಡ್ಡು ಕೊಡಬೇಕಿಲ್ಲ, ಸಮುದ್ರದಲ್ಲಿ ಮುಳುಗುವ ಸೂರ್ಯ.

ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ. ಪಿತಾರೂದಿಯಾ ಕೇಳಿ. ಕಡಲೆ, ಈರುಳ್ಳಿ, ಟೊಮೆಟೊ, ಪುದೀನ ಹಾಕಿ ಕರಿದದ್ದು, ನಮ್ಮ ವಡೆಯ ಸೋದರಮಾವನ ಮಗ ಅಂದುಕೊಳ್ಳಿ. ಅನ್ನ ತುಂಬಿದ ಟೊಮೆಟೊ, ಅಂದರೆ ಯೆಮಿಸ್ತಾ, ಕೂಡ ಸಿಗುತ್ತದೆ, ಮಾಂಸ ಇಲ್ಲದ್ದೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ. "ನಿಸ್ತೀಸಿಮೋ" ಅಂದರೆ ಅವರ ಉಪವಾಸದ ಊಟ, ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಸಿಗಡಿ, ಆಕ್ಟೋಪಸ್ ಅವರಿಗೆ ಉಪವಾಸಕ್ಕೆ ನಡೆಯುತ್ತದೆ! ನಮ್ಮ ತಟ್ಟೆಗೆ ಬಂದಮೇಲೆ ಗೊತ್ತಾಯಿತು.

ಹೊರಡುವ ದಿನ ಅಪ್ಪ ಎರಡೂ ಕಾಲು ಅಗಲಿಸಿ ನಿಂತ ಆ ಸುಳ್ಳು ಮೂರ್ತಿಯ ಮ್ಯಾಗ್ನೆಟ್ ಎರಡು ಕೊಂಡರು. ಒಂದು ನಮ್ಮ ಫ್ರಿಜ್ ಮೇಲಿದೆ. ಇನ್ನೊಂದು ಹಳೇ ಫೌಂಡ್ರಿಯ ಗೆಳೆಯರಿಗಂತೆ, ತಪ್ಪು ಎಲ್ಲೆಲ್ಲಿದೆ ಎಂದು ತೋರಿಸಲು.