ಪ್ರಬಂಧವನ್ನು ಎಲ್ಲಿಂದ ಶುರು ಮಾಡಬೇಕು?

ಚಿತ್ರದುರ್ಗದಲ್ಲಿ ಪದವಿ ತರಗತಿಗಳಿಗೆ ಪಾಠ ಹೇಳುತ್ತಾ ಬಂದ ಇಷ್ಟು ವರ್ಷಗಳಲ್ಲಿ ನನಗೆ ಅತಿ ಹೆಚ್ಚು ಸಲ ಎದುರಾಗಿರುವ ಪ್ರಶ್ನೆ ಪಠ್ಯಕ್ಕೆ ಸಂಬಂಧಿಸಿದ್ದಲ್ಲ. ಅಸೈನ್‌ಮೆಂಟ್ ಒಪ್ಪಿಸುವ ದಿನ ಹತ್ತಿರವಾದಂತೆ ಯಾರಾದರೊಬ್ಬರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮೇಡಂ, ವಿಷಯ ಎಲ್ಲಾ ಗೊತ್ತಿದೆ, ಆದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ತಿಳೀತಿಲ್ಲ" ಎನ್ನುತ್ತಾರೆ. ಪೀಠಿಕೆಯಿಂದ ಶುರು ಮಾಡಬೇಡಿ ಎಂಬುದೇ ನನ್ನ ಉತ್ತರ.

ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಪ್ರೌಢಶಾಲೆಯಲ್ಲಿ ಕಲಿತದ್ದು ತಪ್ಪೇನಲ್ಲ. ಆದರೆ ಅದು ಓದುವವರ ಕಣ್ಣಿಗೆ ಬೀಳುವ ಕ್ರಮ. ಬರೆಯುವವರೂ ಅದೇ ಕ್ರಮದಲ್ಲಿ ಕೂತು ಬರೆಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಏನು ಹೇಳುತ್ತೇನೆಂದು ನನಗೇ ಗೊತ್ತಾಗುವ ಮೊದಲು ಅದಕ್ಕೆ ಪೀಠಿಕೆ ಬರೆಯಲು ಹೊರಟರೆ, ಯಾವ ವಿಷಯಕ್ಕೂ ಹೊಂದುವ, ಯಾವ ವಿಷಯವನ್ನೂ ಮುಟ್ಟದ ವಾಕ್ಯಗಳೇ ಹುಟ್ಟುತ್ತವೆ.

ಹೊಳಲ್ಕೆರೆ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ದುರ್ಗದ ಕೋಟೆಯ ನೀರಿನ ವ್ಯವಸ್ಥೆಯನ್ನು ವಿಷಯವಾಗಿ ಆರಿಸಿಕೊಂಡಿದ್ದಳು. ಅವಳ ಮೊದಲ ಕರಡು "ನೀರು ಸಕಲ ಜೀವರಾಶಿಗಳಿಗೂ ಆಧಾರವಾಗಿದೆ" ಎಂದು ಶುರುವಾಗಿ, ಏಳು ಸುತ್ತಿನ ಕೋಟೆ, ಹಿಡಿಂಬೇಶ್ವರ ದೇವಾಲಯ, ಒನಕೆ ಓಬವ್ವನ ಕಿಂಡಿ ಎಲ್ಲವನ್ನೂ ಹಾದು ನಾಲ್ಕನೆಯ ಪುಟದಲ್ಲಿ ಹೊಂಡಗಳ ಹತ್ತಿರ ಬರುತ್ತಿತ್ತು. ಹಾಳೆಗಳನ್ನು ಮಗುಚಿಟ್ಟು, ಇದನ್ನು ಓದಿದವರು ಏನನ್ನು ಒಪ್ಪಬೇಕು, ಒಂದೇ ಮಾತಿನಲ್ಲಿ ಹೇಳು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಲ್ಲಿನ ಗೋಡೆ ಎಷ್ಟು ಎತ್ತರ ಇದ್ರೇನು ಮೇಡಂ, ನೀರಿಲ್ದಿದ್ರೆ ಒಳಗಿದ್ದೋರು ಎಷ್ಟು ದಿನ ತಡ್ಕೊಳ್ತಿದ್ರು?" ಎಂದಳು. ಅವಳ ಪ್ರಬಂಧ ಅಲ್ಲಿತ್ತು. ಅದನ್ನೇ ತಿದ್ದಿ, "ಕೋಟೆ ಮುತ್ತಿಗೆಗಳನ್ನು ತಾಳಿಕೊಂಡದ್ದು ಗೋಡೆಗಳಿಂದ ಮಾತ್ರವಲ್ಲ, ಮಳೆನೀರನ್ನು ಹಿಡಿದಿಟ್ಟ ಹೊಂಡಗಳಿಂದಲೂ ಹೌದು" ಎಂದು ಹೊಸ ಹಾಳೆಯ ತಲೆಯ ಮೇಲೆ ಬರೆಸಿದೆ.

ಅಂಥ ವಾಕ್ಯವೊಂದು ಕೈಗೆ ಸಿಕ್ಕಿತೆಂದರೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅದೇ ತೀರ್ಮಾನಿಸುತ್ತದೆ. ಬೆಟ್ಟದ ಮೇಲೆ ಸುರಿದ ಮಳೆ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡಗಳಲ್ಲಿ ನಿಂತು, ಹೆಚ್ಚಾದದ್ದು ಕೆಳಗಿನ ಸಿಹಿನೀರು ಹೊಂಡ, ಸಂತೆಹೊಂಡಗಳತ್ತ ಹರಿಯುವ ವಿವರ ಅವಳ ಕರಡಿನಲ್ಲಿ ಮೂರು ಸಾಲಿನಲ್ಲಿ ಮುಗಿದುಹೋಗಿತ್ತು. ಈಗ ಅದಕ್ಕೆ ಎರಡು ಪ್ಯಾರಾ ಬೇಕಾಯಿತು. ಹಿಡಿಂಬೇಶ್ವರ ದೇವಾಲಯದ ಭಾಗ ಎಷ್ಟೇ ಚೆನ್ನಾಗಿದ್ದರೂ ಬಿಡಬೇಕಾಯಿತು. ಅವಳಿಗೆ ಅದು ಕಷ್ಟವಾಯಿತೆಂದು ನಾನು ಬಲ್ಲೆ, ಬರೆದದ್ದನ್ನು ಹೊಡೆದುಹಾಕುವುದು ಯಾರಿಗೂ ಸುಲಭವಲ್ಲ. ಓಬವ್ವನ ಪ್ರಸಂಗವನ್ನೂ ತೆಗೆಯಲು ಹೊರಟಿದ್ದವಳನ್ನು ನಾನೇ ತಡೆದೆ. ಗಂಡ ಊಟಕ್ಕೆ ಕೂತಾಗ ಕುಡಿಯುವ ನೀರು ತರಲು ಹೋದವಳೇ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಕಂಡಳು ಎಂದಲ್ಲವೇ ಆ ಐತಿಹ್ಯ ಹೇಳುವುದು? ಶೌರ್ಯದ ಕತೆಯಾಗಿ ಎರಡನೆಯ ಪುಟದಲ್ಲಿ ಒಂಟಿಯಾಗಿ ನಿಂತಿದ್ದ ಪ್ರಸಂಗ, ಕೋಟೆಯೊಳಗಿನ ದಿನನಿತ್ಯದ ನೀರಿನ ಮಾತು ಬರುವಲ್ಲಿಗೆ ಸರಿದ ಮೇಲೆ ಅದಕ್ಕೊಂದು ಕೆಲಸ ಸಿಕ್ಕಿತು.

ನಮ್ಮ ಮಾತಿಗೆ ಎದುರು ನಿಲ್ಲುವ ಸಂಗತಿಯನ್ನು ಬಚ್ಚಿಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ನೀರಿದ್ದೂ ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತಲ್ಲ ಎಂದು ಓದುವವರು ಕೇಳಿಯೇ ಕೇಳುತ್ತಾರೆ. ಅದಕ್ಕೂ ಮೊದಲಿನ ಮುತ್ತಿಗೆಗಳನ್ನು ಕೋಟೆ ತಡೆದು ನಿಂತದ್ದನ್ನು ನೆನಪಿಸಿ, ನೀರು ಕೋಟೆಗೆ ಕಾಲಾವಕಾಶ ಕೊಡಬಲ್ಲದೇ ಹೊರತು ಗೆಲುವನ್ನೇ ಕೊಡಲಾರದು ಎಂದು ಅವಳು ಒಂದು ಪ್ಯಾರಾದಲ್ಲಿ ಉತ್ತರಿಸಿದಳು. ಇಡೀ ಪ್ರಬಂಧದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದ ಪ್ಯಾರಾ ಅದು.

ಪ್ಯಾರಾಗಳ ಜೋಡಣೆ ಸರಿಯಾಗಿದೆಯೇ ಎಂದು ನೋಡಲು ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಒಂದರ ಕೆಳಗೊಂದು ಬರೆದು ಗಟ್ಟಿಯಾಗಿ ಓದಿಸುತ್ತೇನೆ. ಎರಡನ್ನು ಅದಲು ಬದಲು ಮಾಡಿದರೂ ಏನೂ ಕೆಡುವುದಿಲ್ಲವೆಂದಾದರೆ, ಅಲ್ಲಿರುವುದು ಇನ್ನೂ ಪಟ್ಟಿ. "ಇದಲ್ಲದೆ", "ಅಷ್ಟೇ ಅಲ್ಲದೆ" ಎಂಬ ಪದಗಳಿಂದ ಆ ಬಿರುಕನ್ನು ಮುಚ್ಚಲಾಗದು. "ಆದ್ದರಿಂದ", "ಆದರೂ" ಎಂದು ಬರೆಯಬೇಕಾದರೆ ಮಾತ್ರ ಹಿಂದಿನ ಮಾತಿನ ಮೇಲೆ ಮುಂದಿನ ಮಾತು ನಿಂತಿರಲೇಬೇಕು.

ಉಪಸಂಹಾರಕ್ಕೆ ಹೆಚ್ಚು ಹೊತ್ತು ಬೇಡ. ಹೇಳಿದ್ದನ್ನೇ "ಒಟ್ಟಿನಲ್ಲಿ" ಎಂದು ಮತ್ತೆ ಹೇಳುವುದಕ್ಕಿಂತ, ಇಷ್ಟು ಒಪ್ಪಿಕೊಂಡ ಮೇಲೆ ಯಾವ ಪ್ರಶ್ನೆ ಉಳಿಯುತ್ತದೆ ಎಂದು ನಾಲ್ಕು ಸಾಲು ಬರೆದರೆ ಸಾಕು.

ಪೀಠಿಕೆಯನ್ನು ಆಕೆ ಕೊನೆಯ ದಿನ, ಉಳಿದದ್ದೆಲ್ಲ ಮುಗಿದ ಮೇಲೆ, ಹತ್ತೇ ನಿಮಿಷದಲ್ಲಿ ಬರೆದಳು. ಸಿಹಿನೀರು ಹೊಂಡದ ಮೆಟ್ಟಿಲ ಮೇಲೆ ನಿಂತು ಬೆಟ್ಟದ ಕಡೆ ನೋಡಿದರೆ ಈ ನೀರು ಎಲ್ಲಿಂದ ಇಳಿದು ಬಂದಿರಬಹುದೆಂಬ ಪ್ರಶ್ನೆ ಏಳುತ್ತದೆ ಎಂದು ಅದು ಶುರುವಾಗುತ್ತಿತ್ತು, ಹಾಳೆಯ ತಲೆಯ ಮೇಲೆ ನಾವು ಬರೆದಿಟ್ಟಿದ್ದ ಆ ಒಂದು ವಾಕ್ಯದಲ್ಲಿ ಮುಗಿಯುತ್ತಿತ್ತು.