ಮಾಸಿನ ಮಾದರಿ: ಅಮೈನೋ ಆಮ್ಲಗಳು ಕೊನೆಗೂ ಮಗುವಿನ ಕಡೆ ಹೊರಟವು

ಹೊಟ್ಟೆಯೊಳಗಿನ ಮಗುವಿಗೆ ಅಮೈನೋ ಆಮ್ಲಗಳು (ಪ್ರೋಟೀನ್ ಕಟ್ಟುವ ಇಟ್ಟಿಗೆಗಳು) ಮಾಸಿನ (ಪ್ಲಾಸೆಂಟಾ) ಮೂಲಕ ಹೇಗೆ ಸಿಗುತ್ತವೆ ಅಂತ ಪೈಥಾನ್‌ನಲ್ಲಿ ಒಂದು ಪುಟ್ಟ ಕಂಪ್ಯೂಟರ್ ಮಾದರಿ ಕಟ್ಟುತ್ತಿದ್ದೇನೆ. ಅದರಲ್ಲಿ ಮೂರು ಕೋಣೆಗಳು: ತಾಯಿಯ ರಕ್ತ, ನಡುವೆ ಸಿನ್ಸಿಶಿಯೋಟ್ರೋಫೋಬ್ಲಾಸ್ಟ್ ಪದರ, ಆಚೆ ಮಗುವಿನ ರಕ್ತ. ಮಗುವಿನ ಕಡೆಯ ರಕ್ತನಾಳದ ಗೋಡೆಯನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಅದರ ಸಂದಿಗಳಲ್ಲಿ ಇಷ್ಟು ಚಿಕ್ಕ ಅಣುಗಳು ನುಸುಳಬಲ್ಲವು.

ನಡುವಿನ ಪದರ ಹಾಗಲ್ಲ. ಅಲ್ಲಿ ಒಂದು ಜೀವಕೋಶಕ್ಕೂ ಇನ್ನೊಂದಕ್ಕೂ ಗಡಿಯೇ ಇಲ್ಲ. ಲೆಕ್ಕವಿಲ್ಲದಷ್ಟು ಕೋಶಕೇಂದ್ರಗಳಿರುವ ಒಂದೇ ಹಾಸು ಅದು. ಅಮೈನೋ ಆಮ್ಲ ಮೊದಲು ತಾಯಿಯ ಕಡೆಯ ಪೊರೆ ದಾಟಬೇಕು, ಆಮೇಲೆ ಮಗುವಿನ ಕಡೆಯದು. ಅದರ ಮೇಲೆ, ಹೆಚ್ಚಿನ ಅಮೈನೋ ಆಮ್ಲಗಳು ತಾಯಿಯ ರಕ್ತಕ್ಕಿಂತ ಮಗುವಿನ ರಕ್ತದಲ್ಲೇ ಜಾಸ್ತಿ ಇರುತ್ತವೆ. ಸುಮ್ನೆ ಬಿಟ್ಟರೆ ತಾಯಿಯ ಕಡೆಗೇ ವಾಪಸ್ ಹರಿಯಬೇಕು, ಅಲ್ವಾ? ಇದಕ್ಕೆ ಮಾದರಿಯಲ್ಲಿ ಉತ್ತರ ಕಾಣಬೇಕು ಅನ್ನೋದೇ ನನ್ನ ಆಸೆ.

ಮೊದಲು ಬರೀ ವಿನಿಮಯ

ಎಲ್‌ಎಟಿ1, ಎಲ್‌ಎಟಿ2 ಥರದ ಪೊರೆಯ ಪ್ರೋಟೀನ್‌ಗಳು ಒಂದು ಅಮೈನೋ ಆಮ್ಲವನ್ನು ಒಳಗೆ ತಂದರೆ ಇನ್ನೊಂದನ್ನು ಹೊರಗೆ ಬಿಡುತ್ತವೆ. ಬೇರೆ ಏನನ್ನೂ ಸೇರಿಸದೆ ಇವನ್ನಷ್ಟೇ ಇಟ್ಟು ಓಡಿಸಿದೆ. ಲ್ಯೂಸಿನ್ ಆ ಕಡೆ, ಅಲನಿನ್ ಈ ಕಡೆ ಓಡಾಡಿದವು. ಆದರೆ ಮಗುವಿನ ಕೋಣೆಯ ಒಟ್ಟು ಮೊತ್ತ 100 ಇದ್ದದ್ದು 100ರಲ್ಲೇ ನಿಂತಿತು. ನಿರೀಕ್ಷೆ ಇದ್ದದ್ದೂ ಅದೇ. ಆದರೂ ಗ್ರಾಫಿನಲ್ಲಿ ಆ ನೆಟ್ಟಗಿನ ಗೆರೆ ನೋಡಿದಾಗ ವಿಷಯ ಮನಸ್ಸಿಗೆ ನಾಟಿತು.

ಒಳಗೆ ತುಂಬುವವರು

ಮುಂದೆ ಸಿಸ್ಟಂ ಎ ಎಂಬ ಸಾಗಣೆ ಪ್ರೋಟೀನ್‌ಗಳ ಗುಂಪನ್ನು ಸೇರಿಸಿದೆ. ಇದು ಸೋಡಿಯಂ ಜೊತೆಗೂಡಿ ಅಲನಿನ್, ಸೆರಿನ್, ಗ್ಲೈಸಿನ್ ಥರದವನ್ನು ಪದರದೊಳಕ್ಕೆ ಎಳೆಯುತ್ತದೆ. ಶಕ್ತಿ ಬರುವುದು ಸೋಡಿಯಂ ಪಂಪ್‌ನಿಂದ: ಒಂದು ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚಾದರೆ 3 ಸೋಡಿಯಂ ಹೊರಕ್ಕೆ, 2 ಪೊಟ್ಯಾಸಿಯಂ ಒಳಕ್ಕೆ. ಈಗ ಪದರದೊಳಗೆ ಅಲನಿನ್ ಏರಿತು. ಅದನ್ನು ತಾಯಿಯ ಕಡೆಗೆ ಕೊಟ್ಟು ಲ್ಯೂಸಿನ್ ಪಡೆಯುವ ವಿನಿಮಯಕ್ಕೂ ಜೀವ ಬಂತು. ಸಿಸ್ಟಂ ಎ ಲ್ಯೂಸಿನ್ ಅನ್ನು ತಾನಾಗಿ ಹೊರುವುದಿಲ್ಲ. ಆದರೆ ಅದರ ವೇಗ ಇಳಿಸಿದರೆ ಲ್ಯೂಸಿನ್ ಬರುವುದೂ ಇಳಿಯುತ್ತದೆ. ಗರ್ಭದಲ್ಲಿ ಬೆಳವಣಿಗೆ ಕುಂಠಿತವಾದ ಶಿಶುಗಳ ಮಾಸಿನಲ್ಲಿ ಸಿಸ್ಟಂ ಎ ಚಟುವಟಿಕೆ ಕಡಿಮೆ ಇರುವುದು ಕಂಡುಬಂದಿದೆ. ಆ ಸಂಗತಿಯ ತೂಕ ಈಗ ನನಗೆ ಇನ್ನಷ್ಟು ಅರ್ಥವಾಗುತ್ತಿದೆ.

ಹೊರಹೋಗುವ ಬಾಗಿಲು

ಮಗುವಿನ ಕಡೆಯ ಪೊರೆಗೆ ಟಿಎಟಿ1, ಎಲ್‌ಎಟಿ3, ಎಲ್‌ಎಟಿ4 ಎಂಬ ಸಾಗಣೆ ಪ್ರೋಟೀನ್‌ಗಳನ್ನು ಹಾಕಿದೆ. ಪದರದೊಳಗೆ ಜಾಸ್ತಿ, ಆಚೆ ಕಡಿಮೆ. ಹಾಗಾಗಿ ಇವಕ್ಕೆ ಶಕ್ತಿ ಬೇಡ, ವಿನಿಮಯವೂ ಬೇಡ. ಮಗುವಿನ ಮೊತ್ತ ಮೊದಲ ಸಲ ಏರತೊಡಗಿದ್ದು ಇಲ್ಲೇ!

ಆದರೆ ಇವು ಎಲ್ಲವನ್ನೂ ಬಿಡುವುದಿಲ್ಲ. ಟಿಎಟಿ1 ಮುಖ್ಯವಾಗಿ ಫೆನೈಲಅಲನಿನ್, ಟೈರೋಸಿನ್, ಟ್ರಿಪ್ಟೋಫಾನ್ ಸಾಗಿಸುತ್ತದೆ. ಹಾಗಾದರೆ ಸೆರಿನ್ ಹೇಗೆ ಹೊರಬರುತ್ತದೆ? ಒಂದೊಂದು ಹೆಜ್ಜೆಯನ್ನೂ ತೆರೆಯ ಮೇಲೆ ಬರೆಸಿ ನೋಡಿದೆ. ಫೆನೈಲಅಲನಿನ್ ಟಿಎಟಿ1 ಮೂಲಕ ಮಗುವಿನ ಕಡೆಗೆ ಹೋಯಿತು. ಆಮೇಲೆ ಅದರಲ್ಲಿ ಒಂದು ಪಾಲು ಎಲ್‌ಎಟಿ2 ಮೂಲಕ ಪದರಕ್ಕೆ ವಾಪಸ್ ಬಂತು, ಅದರ ಬದಲಿಗೆ ಸೆರಿನ್ ಹೊರಗೆ ಹೋಯಿತು. ಹೊರಬಂದ ಕೆಲವೇ ಅಮೈನೋ ಆಮ್ಲಗಳು ಉಳಿದವಕ್ಕೆ ದಾರಿ ಮಾಡಿಕೊಡುತ್ತಿವೆ. ಇಡೀ ಕೆಲಸದಲ್ಲಿ ನನಗೆ ಅತಿ ಸುಂದರ ಅನ್ನಿಸಿದ್ದು ಇದೇ.

ಮುಂದಿನದು: ಗ್ಲುಟಮೇಟ್

ಇದರ ಬಾಣ ತಿರುಗುಮುರುಗು. ಮಾಸು ಮಗುವಿನ ರಕ್ತದಿಂದಲೇ ಗ್ಲುಟಮೇಟ್ ತೆಗೆದುಕೊಂಡು ಗ್ಲುಟಮಿನ್ ಕೊಡುತ್ತದೆ. ಮಗುವಿನ ಯಕೃತ್ತು ಗ್ಲುಟಮಿನ್ ತೆಗೆದುಕೊಂಡು ಗ್ಲುಟಮೇಟ್ ಬಿಡುತ್ತದೆ. ಹಾಗಾಗಿ ಯಕೃತ್ತಿಗೆ ನಾಲ್ಕನೇ ಕೋಣೆ ಬೇಕು. ಅದರ ಕೋಡ್ ಅರ್ಧ ಬರೆದಾಗಿದೆ. ಎರಡೂ ಕಡೆಯ ವೇಗ ಹೊಂದಿಸುವುದು ಬಾಕಿ.