ಒಂದು ಫೋನ್ ನಂಬರ್ ಬದಲಿಸುವ ಕೆಲಸ

ಗೌರಿ ಹಬ್ಬಕ್ಕೆ ಸ್ವಲ್ಪ ಮುಂಚೆ ಬಸವನಗುಡಿಯ ಒಂದು ಗ್ರಂಧಿಗೆ ಅಂಗಡಿಯವರು ಫೋನ್ ಮಾಡಿದರು. "ನಂಬರ್ ಬದಲಾಯ್ಸಿದೀವಿ ಕಣಮ್ಮಾ, ಸೈಟಲ್ಲಿ ಇನ್ನೂ ಹಳೇದೇ ಬರ್ತಿದೆ. ಬಾಗಿನದ ಆರ್ಡರ್‌ಗೆ ಜನ ಅದಕ್ಕೇ ಮಾಡ್ತಿದಾರೆ." ಹಬ್ಬದ ವ್ಯಾಪಾರ ಅಂದ್ರೆ ಅವರಿಗೆ ಎಷ್ಟು ಮುಖ್ಯ ಅಂತ ಗೊತ್ತಿತ್ತು. ಬೇರೆ ಕೆಲಸ ಬದಿಗಿಟ್ಟು ಕೂತೆ.

ಸೈಟನ್ನು ನಕ್ಸ್ಟ್ 3 ಅನ್ನೋ ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕಿನಲ್ಲಿ ಕಟ್ಟಿದ್ದರು. ಮೊದಲು ಕಟ್ಟಿದವರು ನಂಬರನ್ನು ಕಂಡಕಂಡಲ್ಲಿ ಬರೆದಿದ್ದರು. ಫುಟರ್‌ನಲ್ಲಿ ಮುಂದೆ ಸೊನ್ನೆ ಹಾಕಿ, ಸಂಪರ್ಕದ ಪುಟದಲ್ಲಿ +91 ಹಾಕಿ ನಡುವೆ ಜಾಗ ಬಿಟ್ಟು, ವಾಟ್ಸಾಪ್ ಲಿಂಕಿನಲ್ಲಿ ಪ್ಲಸ್ ಇಲ್ಲದೆ ಬರೀ 91. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಆ ಹೊತ್ತಿಗೆ ಎಲ್ಲವನ್ನೂ ತಿದ್ದಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಮುಂದಿನ ಹಬ್ಬಕ್ಕೆ ಮತ್ತೆ ಇದೇ ಪಾಡು, ಅಲ್ವಾ?

ಅದಕ್ಕೇ ನಕ್ಸ್ಟ್ ಕಾನ್ಫಿಗ್ ಫೈಲಿನಲ್ಲಿ ರನ್‌ಟೈಮ್ ಕಾನ್ಫಿಗ್ ಅಂತ, ಅಂದ್ರೆ ಸೈಟು ಓಡುವಾಗ ಓದಿಕೊಳ್ಳುವ ಸೆಟ್ಟಿಂಗುಗಳಿಗೆ, ಒಂದು ಭಾಗ ಮಾಡಿದೆ. ಫೋನ್ ನಂಬರ್, ಡೆಲಿವರಿ ಚಾರ್ಜು ಅದರೊಳಗಿನ ಪಬ್ಲಿಕ್ ಅನ್ನೋ ಜಾಗಕ್ಕೆ ಹೋದವು. ಪೇಮೆಂಟಿನ ಗುಟ್ಟಿನ ಕೀಯನ್ನು ಅದರ ಹೊರಗಿಟ್ಟೆ. ಪಬ್ಲಿಕ್‌ನಲ್ಲಿ ಇಟ್ಟದ್ದೆಲ್ಲ ಗಿರಾಕಿಯ ಬ್ರೌಸರಿಗೆ ಹೋಗುತ್ತದೆ, ಹೊರಗಿಟ್ಟದ್ದು ಸರ್ವರಿನಲ್ಲೇ ಉಳಿಯುತ್ತದೆ. ಈ ಗೆರೆಯನ್ನು ಯಾರೂ ಹಗುರವಾಗಿ ತಗೋಬಾರದು. ಆಮೇಲೆ ಎಲ್ಲ ಪುಟಗಳೂ ಆ ಸೆಟ್ಟಿಂಗುಗಳನ್ನು ಓದಿಕೊಡುವ ಯೂಸ್‌ರನ್‌ಟೈಮ್‌ಕಾನ್ಫಿಗ್ ಫಂಕ್ಷನ್ ಕರೆದು ಒಂದೇ ಕಡೆಯಿಂದ ನಂಬರ್ ತಗೊಳ್ಳುವ ಹಾಗೆ ಮಾಡಿದೆ. ಬರೀ ಅಂಕಿಗಳನ್ನಷ್ಟೇ ಇಟ್ಟು, ಸೊನ್ನೆ, ಪ್ಲಸ್ ಸೇರಿಸುವುದನ್ನು ಒಂದು ಚಿಕ್ಕ ಫಂಕ್ಷನ್ನಿಗೆ ಬಿಟ್ಟೆ.

ಹೊಸ ನಂಬರನ್ನು ಡಾಟ್ ಎನ್ವ್ ಅನ್ನೋ ಸೆಟ್ಟಿಂಗ್ ಫೈಲಿನಲ್ಲಿ ಬರೆದೆ, ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಬಂತು. ಸರ್ವರಿಗೆ ಹಾಕಿದರೆ ಮತ್ತೆ ಹಳೇದು! ಜೊತೆಗೆ ಕೂತಿದ್ದ ಹುಡುಗ, "ಅಕ್ಕಾ, ಡಾಟ್ ಎನ್ವ್ ಫೈಲ್ ಅಲ್ಲೂ ಇದೆಯಲ್ಲ?" ಅಂದ. ಫೈಲೇನೋ ಇತ್ತು. ಆದರೆ ಬಿಲ್ಡ್ ಆದ ಮೇಲೆ, ಅಂದ್ರೆ ಕೋಡನ್ನು ಸರ್ವರಿಗೆ ಸಿದ್ಧಮಾಡಿದ ಮೇಲೆ, ಓಡುವ ನಕ್ಸ್ಟ್ ಸರ್ವರ್ ಆ ಫೈಲನ್ನು ತಾನಾಗಿ ಓದುವುದಿಲ್ಲ. ನಂಬರಿನಂಥ ವಿವರಗಳನ್ನು ಸರ್ವರಿನ ಎನ್ವಿರಾನ್‌ಮೆಂಟಿಗೇ, ಅಂದ್ರೆ ಸರ್ವರ್ ಓಡುವ ಕಡೆಯ ಸೆಟ್ಟಿಂಗಿಗೇ, ಕೊಡಬೇಕು. ಪಬ್ಲಿಕ್‌ನಲ್ಲಿರುವವುಗಳ ಹೆಸರು NUXT_PUBLIC_ ಅಂತ ಶುರುವಾಗಬೇಕು. ಹಾಗೆ ಕೊಟ್ಟು ರೀಸ್ಟಾರ್ಟ್ ಮಾಡಿದೆವು. ಮತ್ತೆ ಬಿಲ್ಡ್ ಮಾಡುವ ಗೋಜೇ ಇಲ್ಲದೆ ಎಲ್ಲ ಪುಟದಲ್ಲೂ ಹೊಸ ನಂಬರ್.

ಅಂಗಡಿಯವರಿಗೆ ಖುಷಿಯಾಗಿ, "ಬಾಗಿನದ ಮೊರದ ರೇಟೂ ಅಲ್ಲೇ ಹಾಕ್ಬಿಡಮ್ಮಾ" ಅಂದರು. ಬೇಡ ಅಂದೆ. ಹಬ್ಬದಲ್ಲಿ ರೇಟು ಬೆಳಗ್ಗೆ ಒಂದು, ಸಂಜೆ ಒಂದು. ಅದು ಡೇಟಾಬೇಸ್‌ನಲ್ಲಿರಲಿ, ನೀವೇ ಗಲ್ಲಾ ಪೆಟ್ಟಿಗೆ ಹತ್ತಿರ ಕೂತು ಬದಲಿಸಿಕೊಳ್ಳಬಹುದು ಅಂತ ಅಡ್ಮಿನ್ ಪುಟ ತೆರೆದು ತೋರಿಸಿದೆ.